ಹಳೆಯ ದೋಣಿಯಲ್ಲಿ ತರಕಾರಿ ಮಡಿ

ಕರಾವಳಿಯ ಹಿತ್ತಲುಗಳಲ್ಲಿ ಮಳೆಗಾಲದ ನೀರು ನಿಂತು ಸಸಿಗಳ ಬೇರು ಕೊಳೆಯುವುದು, ಅಳಿವೆಯ ಬದಿಯ ಮಣ್ಣು ಉಪ್ಪಾಗುವುದು ರೈತ ಬಾಂಧವರಿಗೆ ಹೊಸದಲ್ಲ. ನೀರಿಗಿಳಿಸಲು ಬಾರದ ಹಳೆಯ ಮರದ ದೋಣಿ ಇಂಥಲ್ಲಿ ಎತ್ತರದ ಮಡಿಯಾಗಬಲ್ಲದು.

ದೋಣಿಯನ್ನು ಬಿಸಿಲಿರುವಲ್ಲಿ ಕಲ್ಲುಗಳ ಮೇಲೆ ಕೂರಿಸಿ, ತಳಕ್ಕೆ ಅಡಿಗೊಂದರಂತೆ ಬೆರಳು ಗಾತ್ರದ ತೂತು ಕೊರೆಯಿರಿ. ಮರದಲ್ಲಿನ ಉಪ್ಪು ಹೋಗುವಂತೆ ಸಿಹಿನೀರಿನಿಂದ ಹಲವು ಸಲ ತೊಳೆಯಿರಿ. ತಳದಲ್ಲಿ 3 ಅಂಗುಲ ಜಲ್ಲಿ ಹರಡಿ. ಮೇಲೆ 2 ಪಾಲು ಮಣ್ಣು, 1 ಪಾಲು ಹೊಳೆಮರಳು, 1 ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಮಣ್ಣು ಒಂದಡಿ ಆಳವಿದ್ದರೆ ಹರಿವೆ, ಬಸಳೆ, ಬೆಂಡೆ ಚೆನ್ನಾಗಿ ಬರುತ್ತವೆ.

ಒಂದು ಎಚ್ಚರಿಕೆ: ಒಳಗೆ ಟಾರು ಅಥವಾ ಬಣ್ಣ ಬಳಿದ ದೋಣಿಯಲ್ಲಿ ತಿನ್ನುವ ಬೆಳೆ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅಂಥದರಲ್ಲಿ ಅಬ್ಬಲಿಗೆ, ಸೇವಂತಿಗೆ ಬೆಳೆಯಿರಿ.