ಬಿಲ್ಲು ಬಾಗಿದರೂ ಬೆರಳು ಬಾಗದು!

ಹಿಮದ ನಾಡಿನ ಬಿಲ್ಲುಗಾರನು ತನ್ನ ಕೈಗಳನ್ನು ಕಾಪಾಡಿಕೊಳ್ಳುವ ಬಗೆ

ಡಿಸೆಂಬರ್ ತಿಂಗಳ ಕೊನೆಯ ವಾರ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದ ಅಂಚಿನಲ್ಲಿರುವ ವಿಸ್ಕಾನ್ಸಿನ್ ರಾಜ್ಯದ ಒಂದು ಕಾಡು. ಎಲೆಯುದುರಿದ ಓಕ್ ಮರಗಳ ಕೆಳಗೆ ಮೊಣಕಾಲುದ್ದ ಹಿಮ ಬಿದ್ದಿದೆ. ನೆಲದಿಂದ ಹದಿನೆಂಟು ಅಡಿ ಎತ್ತರದಲ್ಲಿ, ಮರದ ಕಾಂಡಕ್ಕೆ ಬಿಗಿದ ಪುಟ್ಟ ಅಟ್ಟಣೆಯ ಮೇಲೆ, ಬಿಲ್ಲುಗಾರನೊಬ್ಬನು ಮೂರು ಗಂಟೆಗಳಿಂದ ಕುಳಿತಿದ್ದಾನೆ. ಉಷ್ಣತೆ ಸೊನ್ನೆಗಿಂತ 12 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಅವನು ಕೆಮ್ಮುವಂತಿಲ್ಲ, ಎದ್ದು ಓಡಾಡುವಂತಿಲ್ಲ, ಕೈ ಉಜ್ಜಿ ಸದ್ದು ಮಾಡುವಂತಿಲ್ಲ.

ಹೊತ್ತು ಮುಳುಗುವ ವೇಳೆಗೆ ಪೊದೆಯ ಮರೆಯಿಂದ ಬಿಳಿಬಾಲದ ಜಿಂಕೆಯೊಂದು ಹೆಜ್ಜೆ ಹೆಜ್ಜೆಗೂ ನಿಂತು, ಗಾಳಿಯನ್ನು ಮೂಸುತ್ತ ಬರುತ್ತದೆ. ಇಪ್ಪತ್ತು ಗಜ ದೂರ. ಬಿಲ್ಲುಗಾರನು ಮೆಲ್ಲನೆ ಎದ್ದು ಹೆದೆಯನ್ನು ಎಳೆಯುತ್ತಾನೆ. ಬಿಲ್ಲು ಬಾಗುತ್ತದೆ. ಆದರೆ ಹೆದೆಯನ್ನು ಹಿಡಿದ ಬೆರಳುಗಳು ಎಲ್ಲಿವೆ ಎಂಬುದೇ ಅವನಿಗೆ ತಿಳಿಯುತ್ತಿಲ್ಲ! ಗುರಿ ನಿಲ್ಲುವ ಮೊದಲೇ ಬೆರಳುಗಳು ಜಾರುತ್ತವೆ. ಬಾಣ ಹೃದಯವನ್ನು ಮುಟ್ಟುವ ಬದಲು ತೊಡೆಯನ್ನು ಸೀಳುತ್ತದೆ. ಗಾಯಗೊಂಡ ಪ್ರಾಣಿ ಕತ್ತಲೆಯೊಳಗೆ ಓಡುತ್ತದೆ. ಹಿಮದ ಮೇಲೆ ಕೆಂಪು ಹನಿಗಳ ಜಾಡು ಉಳಿಯುತ್ತದೆ.

ಇಲ್ಲಿ ತಪ್ಪಿದುದು ಕಣ್ಣಲ್ಲ, ಅಭ್ಯಾಸವಲ್ಲ, ಬಿಲ್ಲೂ ಅಲ್ಲ. ತಪ್ಪಿದುದು ಚಳಿಗೆ ಮರಗಟ್ಟಿದ ಮೂರು ಬೆರಳು. ಗುರುದಕ್ಷಿಣೆಯಾಗಿ ಏಕಲವ್ಯನು ಹೆಬ್ಬೆರಳೊಂದನ್ನು ಮಾತ್ರ ಕೊಟ್ಟನು. ಹಿಮಗಾಲವು ಯಾವ ಗುರುತ್ವವೂ ಇಲ್ಲದೆ ಬಿಲ್ಲುಗಾರನಿಂದ ಹತ್ತು ಬೆರಳುಗಳನ್ನೂ ಕೇಳುತ್ತದೆ.

ಯಾರು ಈ ಬಿಲ್ಲುಗಾರರು?

ಬಂದೂಕದ ಕಾಲದಲ್ಲಿ ಬಿಲ್ಲು ಹಿಡಿಯುವವರೂ ಉಂಟೇ ಎಂದು ವಾಚಕರಿಗೆ ಆಶ್ಚರ್ಯವೆನಿಸಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ವಿನೋದಕ್ಕೆ ತೆರೆಯೆಳೆದಿದೆ. ಆದರೆ ಉತ್ತರ ಅಮೆರಿಕದಲ್ಲಿ ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿಡಲು ಸರ್ಕಾರವೇ ರಹದಾರಿ ಕೊಟ್ಟು, ಕಾಲವನ್ನು ಗೊತ್ತುಮಾಡಿ ಬೇಟೆಗೆ ಅವಕಾಶವೀಯುತ್ತದೆ. ಬಿಲ್ಲುಗಾರರಿಗೆಂದೇ ಪ್ರತ್ಯೇಕವಾದ ಜಿಂಕೆಬೇಟೆಯ ಋತುವನ್ನು 1934ರಲ್ಲಿ ಏರ್ಪಡಿಸಿದ ಕೀರ್ತಿ ವಿಸ್ಕಾನ್ಸಿನ್ ರಾಜ್ಯದ್ದು.

ಈ ವಿದ್ಯೆಯ ಪುನರುಜ್ಜೀವನದ ಹಿಂದೆ ಒಂದು ಕರುಣ ಕಥೆಯಿದೆ. 1911ರಲ್ಲಿ ಕ್ಯಾಲಿಫೋರ್ನಿಯದ ಓರೋವಿಲ್ ಎಂಬ ಊರಿನ ಬಳಿ, ವಲಸಿಗರ ಕ್ರೌರ್ಯಕ್ಕೆ ತನ್ನ ಜನರೆಲ್ಲರನ್ನೂ ಕಳೆದುಕೊಂಡ ಯಾಹಿ ಬುಡಕಟ್ಟಿನ ವ್ಯಕ್ತಿಯೊಬ್ಬನು ಹಸಿದು ಬಳಲಿ ಕಾಡಿನಿಂದ ಹೊರಬಂದನು. ಜಗತ್ತು ಅವನನ್ನು ಇಷಿ ಎಂದು ಕರೆಯಿತು. ಅವನನ್ನು ಉಪಚರಿಸಿದ ವೈದ್ಯರಾದ ಸ್ಯಾಕ್ಸ್‌ಟನ್ ಪೋಪರು ರೋಗಿಯ ಶಿಷ್ಯರೇ ಆಗಿ, ಬಿಲ್ಲು ಕೆತ್ತುವುದನ್ನೂ ಬಾಣ ಹೂಡುವುದನ್ನೂ ಕಲಿತರು. ಇಷಿ 1916ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಬಿಲ್ಲುಬೇಟೆಯನ್ನು ಕುರಿತು ಪೋಪರು 1923ರಲ್ಲಿ ಪ್ರಕಟಿಸಿದ ಗ್ರಂಥವು ಅನೇಕರ ಕೈಗೆ ಬಿಲ್ಲನ್ನು ಕೊಟ್ಟಿತು.

ಬಿಲ್ಲುಗಾರನು ಪ್ರಾಣಿಯ ಬಳಿಗೆ, ಸಾಮಾನ್ಯವಾಗಿ ಮೂವತ್ತು ಗಜದೊಳಕ್ಕೆ, ಬರಲೇಬೇಕು. ಅದಕ್ಕಾಗಿ ಅವನು ಕಲ್ಲಿನಂತೆ ಕುಳಿತು ಕಾಯುತ್ತಾನೆ. ಈ ಕುಳಿತಿರುವಿಕೆಯೇ ಅವನ ಶತ್ರು.

ದೇಹದ ರಾಜನೀತಿ

ಕೈಬೆರಳುಗಳೇ ಮೊದಲು ಏಕೆ ತಣ್ಣಗಾಗಬೇಕು? ಉತ್ತರವು ದೇಹದ ರಾಜನೀತಿಯಲ್ಲಿದೆ. ಹೃದಯ, ಮಿದುಳು, ಶ್ವಾಸಕೋಶಗಳನ್ನು ಸುಮಾರು 37 ಡಿಗ್ರಿ ಶಾಖದಲ್ಲಿ ಇಟ್ಟುಕೊಳ್ಳುವುದು ದೇಹದ ಪ್ರಥಮ ಕರ್ತವ್ಯ. ಚಳಿ ಏರಿದೊಡನೆ ಕೈಕಾಲುಗಳ ರಕ್ತನಾಳಗಳು ಕುಗ್ಗುತ್ತವೆ. ರಾಜಧಾನಿಯನ್ನು ಉಳಿಸಲು ಗಡಿಯ ಹಳ್ಳಿಗಳನ್ನು ಬಿಟ್ಟುಕೊಟ್ಟಂತೆ, ಬೆರಳುಗಳಿಗೆ ಹೋಗುವ ಬಿಸಿ ರಕ್ತವನ್ನು ದೇಹವು ಒಳಕ್ಕೆ ಸೆಳೆದುಕೊಳ್ಳುತ್ತದೆ.

ಬೆರಳಿಗೆ ಸ್ವಂತ ಸಂಪಾದನೆ ಕಡಿಮೆ. ಶಾಖವನ್ನು ಹುಟ್ಟಿಸುವ ಮಾಂಸಖಂಡ ಅದರಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಬೆರಳನ್ನು ಮಡಿಸಿ ಬಿಡಿಸುವ ಪ್ರಬಲ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಗಾತ್ರ ಕಿರಿದು, ಚರ್ಮದ ಹರವು ಹಿರಿದು. ಹೀಗಾಗಿ ಬಂದ ಶಾಖ ಬೇಗನೆ ಸೋರಿಹೋಗುತ್ತದೆ. ಕೈಚರ್ಮದ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಬೆರಳಿನ ಚಳಕ ಕುಂದುತ್ತದೆ. 8 ಡಿಗ್ರಿಯ ಹತ್ತಿರ ಸ್ಪರ್ಶಜ್ಞಾನವೇ ಮಾಯವಾಗತೊಡಗುತ್ತದೆ.

ಆದರೂ ದೇಹ ಪೂರ್ತಿ ನಿಷ್ಕರುಣಿಯಲ್ಲ. 1930ರಲ್ಲಿ ಇಂಗ್ಲೆಂಡಿನ ವೈದ್ಯವಿಜ್ಞಾನಿ ಸರ್ ಥಾಮಸ್ ಲೂಯಿಸರು ಒಂದು ಸೋಜಿಗವನ್ನು ವಿವರಿಸಿದರು. ಮಂಜುಗಡ್ಡೆಯ ನೀರಿನಲ್ಲಿ ಬೆರಳನ್ನು ಅದ್ದಿದರೆ ಮೊದಲು ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಐದು ಹತ್ತು ನಿಮಿಷಗಳಾದ ಮೇಲೆ ತಾವಾಗಿಯೇ ತೆರೆದು, ಬಿಸಿ ರಕ್ತವನ್ನು ಹರಿಯಿಸಿ, ಮತ್ತೆ ಮುಚ್ಚುತ್ತವೆ. ಸರಿಯಾದ ಮಟ್ಟವನ್ನು ಹುಡುಕಾಡುವಂತೆ ನಡೆಯುವ ಈ ಏರಿಳಿತಕ್ಕೆ ಅವರು ಇಟ್ಟ ಹೆಸರು ‘ಬೇಟೆಯ ಪ್ರತಿಕ್ರಿಯೆ’! ಬೇಟೆಗಾರನಿಗೂ ಈ ಹೆಸರಿಗೂ ನೇರ ಸಂಬಂಧವಿಲ್ಲ. ಆದರೆ ಬೇಟೆಗಾರನು ತಿಳಿಯಬೇಕಾದ ಪಾಠ ಅದರಲ್ಲಿದೆ. ಒಡಲು ಬೆಚ್ಚಗಿದ್ದಾಗ ಈ ಹೊನಲು ಬೇಗನೆ ಬರುತ್ತದೆ. ಒಡಲೇ ತಣ್ಣಗಾದರೆ ಅದು ಬಲಹೀನವಾಗುತ್ತದೆ. ಆದುದರಿಂದ ಕೈಯನ್ನು ಬೆಚ್ಚಗಿಡುವ ಕೆಲಸ ಎದೆಯಿಂದ ಆರಂಭವಾಗಬೇಕು.

ಗಾಳಿಯ ಕಳ್ಳತನ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಅಟ್ಟಣೆಯ ಮೇಲಿನ ಬಿಲ್ಲುಗಾರನಿಗೆ ಅದು ವಸಂತಕಾಲವೆನಿಸೀತು. ಅವನ ಕಷ್ಟವನ್ನು ಹೆಚ್ಚಿಸುವುದು ಗಾಳಿ. 1939ರಿಂದ 1941ರವರೆಗೆ ಅಂಟಾರ್ಕ್ಟಿಕದಲ್ಲಿದ್ದ ಅಮೆರಿಕದ ಯಾತ್ರಾತಂಡದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ವಿಜ್ಞಾನಿಗಳು, ಕೊಳವೆಯೊಂದರಲ್ಲಿ ನೀರು ತುಂಬಿ ಗಾಳಿಗೊಡ್ಡಿ, ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆದರು. ಗಾಳಿಯ ವೇಗ ಹೆಚ್ಚಿದಷ್ಟೂ ಶಾಖದ ನಷ್ಟ ಹೆಚ್ಚೆಂಬುದಕ್ಕೆ ಲೆಕ್ಕ ದೊರೆಯಿತು. 2001ರಲ್ಲಿ ತಿದ್ದಿದ ಸೂತ್ರದ ಪ್ರಕಾರ, ಸೊನ್ನೆಗಿಂತ 12 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿಯಂತೆ ತೋರುತ್ತದೆ.

ಗಾಳಿಗಿಂತ ಘೋರವಾದುದು ತೇವ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಿಲ್ಲಿನ ಲೋಹವೂ ಅಂತಹುದೇ ಕಳ್ಳ. ಇಷಿಯ ಬಿಲ್ಲು ಮರದ್ದು. ಇಂದಿನ ಬಹುತೇಕ ಯಾಂತ್ರಿಕ ಬಿಲ್ಲುಗಳ ನಡುಭಾಗ ಅಲ್ಯುಮಿನಿಯಮಿನದು. ಬರಿಗೈಯಲ್ಲಿ ಹಿಡಿದರೆ ಅದು ಅಂಗೈಯ ಶಾಖವನ್ನು ಹೀರಿಬಿಡುತ್ತದೆ.

ಹಿಮಪುತ್ರರ ಜಾಣ್ಮೆ

ಈ ಶತ್ರುವನ್ನು ಸಾವಿರಾರು ವರ್ಷ ಎದುರಿಸಿ ಗೆದ್ದವರು ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳು. ಹಿಂದೆ ಎಸ್ಕಿಮೋ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ಇನ್ಯುಟ್ ಜನರ ನಾಡಿನಲ್ಲಿ ಮರವೇ ಬೆಳೆಯದು. ಸಮುದ್ರದಲ್ಲಿ ತೇಲಿಬಂದ ದಿಮ್ಮಿ, ಸಾರಂಗದ ಕೊಂಬು ಇವುಗಳ ತುಂಡುಗಳನ್ನು ಜೋಡಿಸಿ, ಬೆನ್ನಿಗೆ ಪ್ರಾಣಿಗಳ ಸ್ನಾಯುರಜ್ಜುವಿನ ಹುರಿಯನ್ನು ಬಿಗಿದು ಅವರು ಬಿಲ್ಲು ಮಾಡುತ್ತಿದ್ದರು. ಚಳಿಗೆ ಪೆಡಸಾಗುವ ಮರ ಮುರಿಯದಂತೆ ಆ ಹುರಿಯೇ ಕಾಪಾಡುತ್ತಿತ್ತು. ಮನುಷ್ಯಾಕಾರದ ಕಲ್ಲುಗುಪ್ಪೆಗಳ ಸಾಲುಗಳ ನಡುವೆ ಕ್ಯಾರಿಬೂ ಎಂಬ ಹಿಮಸಾರಂಗಗಳನ್ನು ಅಟ್ಟಿತಂದು, ಕಲ್ಲುಮರೆಯಲ್ಲಿ ಅಡಗಿದ ಬಿಲ್ಲುಗಾರರ ಬಳಿಗೆ ಸಾಗಿಸುತ್ತಿದ್ದರು.

ಅವರ ಕೈಗವಸು ಅದೇ ಕ್ಯಾರಿಬೂವಿನ ತುಪ್ಪಳದ್ದು. ಆ ಪ್ರಾಣಿಯ ಒಂದೊಂದು ಕೂದಲಿನೊಳಗೂ ಗಾಳಿ ತುಂಬಿದ ಪೊಳ್ಳಿದೆ. ನಿಂತ ಗಾಳಿಗಿಂತ ಒಳ್ಳೆಯ ಕಂಬಳಿ ಇನ್ನಾವುದು? ಗವಸಿನಲ್ಲಿ ಐದು ಬೆರಳಿಗೆ ಐದು ಗೂಡುಗಳಿಲ್ಲ. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೆ ಸೇರಿ ಇನ್ನೊಂದು. ಚಳಿಗಾಲದಲ್ಲಿ ಒಂದೇ ಕಂಬಳಿಯೊಳಗೆ ಮಲಗಿದ ಮಕ್ಕಳಂತೆ ನಾಲ್ಕು ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ಇದನ್ನು ಹೊಲಿದ ಹೆಂಗಸಿನ ಸೂಜಿಯು ಗಂಡಸಿನ ಬಾಣದಷ್ಟೇ ಮುಖ್ಯವಾಗಿತ್ತು. ಹೊಲಿಗೆಯೊಂದು ಬಿಟ್ಟುಕೊಂಡರೆ ಬೇಟೆಗಾರನ ಕೈಯೇ ಹೋದೀತು.

ಕೈ ಕಾಯುವ ಕ್ರಮ

ಇಂದಿನ ಅನುಭವಿ ಬಿಲ್ಲುಗಾರನ ಕ್ರಮವೂ ಈ ತತ್ವಗಳನ್ನೇ ಅನುಸರಿಸುತ್ತದೆ. ಅವನು ದಪ್ಪ ಅಂಗಿಯನ್ನು ಮನೆಯಲ್ಲೇ ತೊಟ್ಟು ಕಾಡಿಗೆ ಹೊರಡುವುದಿಲ್ಲ. ಅದನ್ನು ಬೆನ್ನಿಗೆ ಕಟ್ಟಿಕೊಂಡು, ಬೆವರದಂತೆ ನಿಧಾನವಾಗಿ ನಡೆದು, ಮರದ ಬುಡಕ್ಕೆ ತಲುಪಿ ಮೈ ಆರಿದ ಮೇಲೆ ತೊಡುತ್ತಾನೆ. ಮೈಗೆ ತಾಗುವ ಬಟ್ಟೆ ಹತ್ತಿಯದಲ್ಲ, ಉಣ್ಣೆಯದು. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಮಣಿಕಟ್ಟಿನಲ್ಲಿ ಧಮನಿಯು ಚರ್ಮದ ಕೆಳಗೇ ಹರಿಯುವುದರಿಂದ ಅಲ್ಲಿಗೊಂದು ಉಣ್ಣೆಯ ಪಟ್ಟಿಯನ್ನು ಹಾಕುತ್ತಾನೆ.

ಬಿಲ್ಲನ್ನು ಸದಾ ಹಿಡಿದಿರದೆ ಪಕ್ಕದ ಕೊಕ್ಕೆಗೆ ತೂಗುಹಾಕುತ್ತಾನೆ. ಅದರ ಹಿಡಿಗೆ ತೊಗಲನ್ನೋ ಉಣ್ಣೆಯನ್ನೋ ಸುತ್ತಿರುತ್ತಾನೆ. ಕೈಗಳೆರಡನ್ನೂ ಸೊಂಟಕ್ಕೆ ಕಟ್ಟಿದ, ಎರಡು ಕಡೆಯೂ ಬಾಯಿ ತೆರೆದ ದಪ್ಪನೆಯ ಚೀಲದೊಳಗೆ ತೂರಿಸಿ ಕುಳಿತಿರುತ್ತಾನೆ. ಕೈಗೆ ದಪ್ಪ ಗವಸನ್ನೇ ತೊಡಬಾರದೇಕೆ? ಗವಸು ದಪ್ಪವಾದಷ್ಟೂ ಬೆರಳಿಗೆ ಹೆದೆಯ ಅರಿವು ಕಡಿಮೆ. ಮಹಾಭಾರತದ ವೀರರಿಗೂ ಉಡದ ಚರ್ಮದ ‘ಗೋಧಾಂಗುಲಿತ್ರಾಣ’ವಿತ್ತು. ಆದರೆ ಅದು ಹೆದೆಯ ಪೆಟ್ಟಿನಿಂದ ಕಾಪಾಡಲು, ಚಳಿಯಿಂದಲ್ಲ. ಬಿಲ್ಲುಗಾರನು ಒಳಗೆ ತೆಳುವಾದ ಉಣ್ಣೆಯ ಗವಸನ್ನು ತೊಟ್ಟು, ಜಿಂಕೆ ಕಂಡಾಗ ಚೀಲದಿಂದ ಕೈಯನ್ನು ಸದ್ದಿಲ್ಲದೆ ಹೊರತೆಗೆಯುತ್ತಾನೆ. ಬೆರಳಿನ ಬದಲು ಗುಂಡಿಯೊತ್ತಿ ಹೆದೆಯನ್ನು ಬಿಡಿಸುವ ಯಂತ್ರಕೊಕ್ಕೆಯನ್ನು ಬಳಸುವವರಿಗೂ ಈ ಎಚ್ಚರಿಕೆ ತಪ್ಪದು. ಮರಗಟ್ಟಿದ ಬೆರಳು ಗುಂಡಿಯನ್ನು ಮುಟ್ಟಿತೋ ಒತ್ತಿತೋ ತಿಳಿಯುವುದಿಲ್ಲ.

ಕಾಯುವ ಹೊತ್ತಿನಲ್ಲಿ ಪಾದರಕ್ಷೆಯೊಳಗೆ ಕಾಲ್ಬೆರಳನ್ನೂ, ಚೀಲದೊಳಗೆ ಮುಷ್ಟಿಯನ್ನೂ ಹಿಂಡಿ ಬಿಡುತ್ತಿರುವುದು ಸದ್ದಿಲ್ಲದ ವ್ಯಾಯಾಮ. ಹೊಟ್ಟೆಗೆ ಜಿಡ್ಡುಳ್ಳ ಆಹಾರ, ಬಿಸಿ ಸಾರು ಬೇಕು. ಹೊಗೆಸೊಪ್ಪು ರಕ್ತನಾಳಗಳನ್ನು ಕುಗ್ಗಿಸುವುದರಿಂದ ವರ್ಜ್ಯ. ಮದ್ಯವು ಚರ್ಮಕ್ಕೆ ರಕ್ತ ತಂದು ಬಿಸಿಯೇರಿದ ಭ್ರಮೆ ಹುಟ್ಟಿಸಿ, ಒಡಲಿನ ಶಾಖವನ್ನು ಹೊರಗೆ ಸೂರೆಮಾಡುತ್ತದೆ.

ಜೇಬಿನೊಳಗಿನ ಅಗ್ಗಿಷ್ಟಿಕೆ

ಕಾಶ್ಮೀರದ ಜನ ನಿಲುವಂಗಿಯೊಳಗೆ ಕೆಂಡದ ಕಾಂಗ್ರಿಯನ್ನು ಇಟ್ಟುಕೊಳ್ಳುವುದು ಪ್ರಸಿದ್ಧವೇ ಸರಿ. ಜಪಾನಿನಲ್ಲಿ ಹಿಂದಿನವರು ಕಾಯಿಸಿದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಡುತ್ತಿದ್ದರು. 1923ರಲ್ಲಿ ಮಾತೋಬಾ ನಿಇಚಿ ಎಂಬುವರು, ಪ್ಲಾಟಿನಮ್ ಲೋಹದ ನೆರವಿನಿಂದ ಬೆಂಜೀನ್ ಎಣ್ಣೆಯ ಆವಿಯನ್ನು ಉರಿಯಿಲ್ಲದೆ ದಹಿಸಿ ಗಂಟೆಗಟ್ಟಲೆ ಬಿಸಿ ಕೊಡುವ ಜೇಬುಡಬ್ಬಿಯನ್ನು ತಯಾರಿಸಿದರು. 1978ರಲ್ಲಿ ಅದೇ ದೇಶದಲ್ಲಿ, ಒಮ್ಮೆ ಬಳಸಿ ಎಸೆಯುವ ಪುಟ್ಟ ಪೊಟ್ಟಣ ಪೇಟೆಗೆ ಬಂದಿತು. ಅದರೊಳಗಿರುವುದು ಕಬ್ಬಿಣದ ಪುಡಿ, ಉಪ್ಪು, ನೀರು, ಇದ್ದಿಲು. ಗಾಳಿ ಸೋಕಿದೊಡನೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯುವಾಗ ಹುಟ್ಟುವ ಶಾಖವೇ ಕೈಯನ್ನು ಕಾಯಿಸುತ್ತದೆ. ಪೊಟ್ಟಣ ಕೆಲಸ ಮಾಡಲು ಗಾಳಿ ಬೇಕಾದುದರಿಂದ ಅದನ್ನು ಬಿಗಿಯಾಗಿ ಮುಚ್ಚಿಡಬಾರದು. ಬರಿಯ ಚರ್ಮಕ್ಕೆ ಬಹಳ ಹೊತ್ತು ತಾಗಿಸಿದರೆ ಮರಗಟ್ಟಿದ ಕೈಗೆ ಅರಿವಿಲ್ಲದೆಯೇ ಸುಟ್ಟ ಗಾಯವಾದೀತು.

ಬೆರಳ ತುದಿ ಬಿಳುಚಿ, ಮೇಣದಂತಾಗಿ, ನೋವೂ ನಿಂತರೆ ಅದು ಹಿಮಕಡಿತದ ಲಕ್ಷಣ. 1812ರಲ್ಲಿ ಮಾಸ್ಕೋದಿಂದ ಹಿಂದಿರುಗುತ್ತಿದ್ದ ನೆಪೋಲಿಯನ್ನನ ಸೈನಿಕರು ಹೆಪ್ಪುಗಟ್ಟಿದ ಕೈಕಾಲುಗಳನ್ನು ಬೆಂಕಿಗೊಡ್ಡಿ ಕಳೆದುಕೊಳ್ಳುವುದನ್ನು ಕಂಡು, ಶಸ್ತ್ರವೈದ್ಯ ಲಾರಿ ಅವುಗಳನ್ನು ಹಿಮದಿಂದ ಉಜ್ಜಲು ವಿಧಿಸಿದನು. ಆ ಚಿಕಿತ್ಸೆ ನೂರಕ್ಕೂ ಹೆಚ್ಚು ವರ್ಷ ನಡೆದುಬಂದು, ಅಪಕಾರಿಯೆಂದು ಈಗ ತಿರಸ್ಕೃತವಾಗಿದೆ. ಉಜ್ಜಕೂಡದು, ಬೆಂಕಿಗೂ ಹಿಡಿಯಕೂಡದು. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಸ್ಥಳಕ್ಕೆ ತಲುಪಿದ ಮೇಲೆ 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅದ್ದಿ, ವೈದ್ಯರನ್ನು ಕಾಣಬೇಕು.

ಬಾಣ ಬಿಡದ ಬಿಲ್ಲುಗಾರ

ಎಲ್ಲ ಉಪಾಯಗಳ ಕೊನೆಯಲ್ಲಿ ಒಂದು ಪರೀಕ್ಷೆಯುಂಟು. ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಿ ನೋಡಬೇಕು. ಮುಟ್ಟಲಾಗದಿದ್ದರೆ ಆ ಕೈ ಬಾಣ ಹೂಡಲು ಯೋಗ್ಯವಲ್ಲ. ಕ್ಷುರದಂತಹ ಅಲಗುಗಳನ್ನು ಹೊತ್ತು ಮರದಿಂದ ಇಳಿಯುವುದಕ್ಕೂ ಅದು ಯೋಗ್ಯವಲ್ಲ. ಮೊದಲು ಕೈಯನ್ನು ಕಂಕುಳಲ್ಲಿ ಅವುಚಿ ಬಿಸಿಮಾಡಿಕೊಂಡು, ಬಿಲ್ಲನ್ನು ಹಗ್ಗದಲ್ಲಿ ಇಳಿಬಿಟ್ಟು, ಅನಂತರ ತಾನು ಇಳಿಯಬೇಕು.

ಅದೇ ಸಂಜೆ, ಅದೇ ಕಾಡಿನ ಇನ್ನೊಂದು ಮರದ ಮೇಲೆ ಇಂತಹ ಬಿಲ್ಲುಗಾರನಿದ್ದಾನೆಂದು ಭಾವಿಸೋಣ. ಜಿಂಕೆ ಬರುತ್ತದೆ, ಇಪ್ಪತ್ತು ಗಜದಲ್ಲಿ ನಿಲ್ಲುತ್ತದೆ. ಅವನ ಹೆಬ್ಬೆರಳು ಕಿರುಬೆರಳತ್ತ ಚಾಚಿ, ನಡುದಾರಿಯಲ್ಲೇ ನಿಂತುಬಿಡುತ್ತದೆ. ದಿನವೆಲ್ಲ ಕಾದ ಫಲ ಕಣ್ಣೆದುರಿಗಿದೆ. ಆದರೂ ಅವನು ಬಿಲ್ಲನ್ನು ಕೊಕ್ಕೆಯಿಂದ ತೆಗೆಯುವುದಿಲ್ಲ. ಜಿಂಕೆ ಒಂದು ಚಣ ತಲೆಯೆತ್ತಿ ನೋಡಿ, ಬಿಳಿಯ ಬಾಲವನ್ನು ಬೀಸಿ, ಕತ್ತಲಲ್ಲಿ ಕರಗುತ್ತದೆ. ಹಿಮದ ಮೇಲೆ ಉಳಿಯುವುದು ಗೊರಸಿನ ಗುರುತು ಮಾತ್ರ, ಕೆಂಪು ಹನಿಯಲ್ಲ. ಬರಿಗೈಯಲ್ಲಿ ಮನೆಗೆ ಮರಳುವ ಅವನಿಗೆ ಆ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆ.