ಓಡದ ಬ್ಯಾಕಪ್ ಓಡುತ್ತಿದೆ ಎಂದು ಸ್ಕ್ರಿಪ್ಟ್ ಹೇಳುವುದೇಕೆ?

ಬ್ಯಾಕಪ್ ಈಗಾಗಲೇ ಓಡುತ್ತಿದ್ದರೆ ಇನ್ನೊಮ್ಮೆ ಶುರುವಾಗಬಾರದು ಎಂದು ಲಿನಕ್ಸ್ ಸ್ಕ್ರಿಪ್ಟ್‌ಗಳಲ್ಲಿ ಒಂದು ತಪಾಸಣೆ ಇಡುವುದುಂಟು. 'ಪಿಎಸ್' ಕೊಡುವ ಪಟ್ಟಿಯನ್ನು ಪೈಪ್ ಮೂಲಕ 'ಗ್ರೆಪ್'ಗೆ ದಾಟಿಸಿ 'ಬ್ಯಾಕಪ್' ಎಂದು ಹುಡುಕುತ್ತೇವೆ. ಬ್ಯಾಕಪ್ ನಿಂತೇ ಇದ್ದರೂ ಬಹಳಷ್ಟು ಸಲ 'ಓಡುತ್ತಿದೆ' ಎಂಬ ಉತ್ತರ ಬರುತ್ತದೆ, ಸ್ಕ್ರಿಪ್ಟ್ ಸುಮ್ಮನೆ ಮುಗಿಯುತ್ತದೆ. ಡಿಸ್ಕ್ ಕೆಟ್ಟ ದಿನ ಹುಡುಕಿದರೆ ಹೊಸ ಪ್ರತಿಯೇ ಇರುವುದಿಲ್ಲ!

ಏಕೆ ಹೀಗೆ? ಪೈಪಿನ ಎರಡೂ ಬದಿಯ ಕಮಾಂಡ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಪಿಎಸ್ ಪಟ್ಟಿ ಮಾಡುವ ಹೊತ್ತಿಗೆ ಗ್ರೆಪ್ ಕೂಡ ಒಂದು ಪ್ರೊಸೆಸ್, ಅದರ ಸಾಲಿನಲ್ಲೂ 'ಬ್ಯಾಕಪ್' ಎಂಬ ಪದವಿದೆ. ಗ್ರೆಪ್ ತುಸು ತಡವಾದರೆ ಪಟ್ಟಿಯಲ್ಲಿ ಕಾಣದು. ಒಂದೇ ಸ್ಕ್ರಿಪ್ಟ್ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳುವುದು ಇದಕ್ಕೇ.

'ಪಿಗ್ರೆಪ್' ತನ್ನನ್ನು ತಾನು ಎಣಿಸುವುದಿಲ್ಲ. ಆದರೆ 'ಎಫ್' ಆಯ್ಕೆ ಕೊಟ್ಟರೆ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕುತ್ತದೆ. ಆಗ ನಮ್ಮ ಸ್ಕ್ರಿಪ್ಟಿನ ಹೆಸರಲ್ಲೇ 'ಬ್ಯಾಕಪ್' ಇದ್ದರೆ ಅದೇ ಸಿಕ್ಕಿಬೀಳುತ್ತದೆ. ಕೈಯಾರೆ ಟೈಪ್ ಮಾಡಿದಾಗ ಸರಿಯಿದ್ದದ್ದು ಸ್ಕ್ರಿಪ್ಟಿನಲ್ಲಿ ಕೆಡಲು ಇದೂ ಒಂದು ಕಾರಣ. 'ಎಫ್' ಬಿಟ್ಟರೆ ಹೆಸರಿನ ಮೊದಲ 15 ಅಕ್ಷರಗಳನ್ನಷ್ಟೇ ನೋಡುವುದರಿಂದ ಉದ್ದದ ಹೆಸರು ಪೂರ್ತಿ ಕೊಟ್ಟರೆ ಸಿಗುವುದೇ ಇಲ್ಲ.

ಗ್ರೆಪ್‌ಗೆ ಕೊಡುವ ಪದದ ಮೊದಲ ಅಕ್ಷರವನ್ನು ಚೌಕ ಕಂಸದಲ್ಲಿಡುವ ಹಳೆಯ ಉಪಾಯ ಕೆಲಸ ಮಾಡುತ್ತದೆ. ಆದರೂ ಹೆಸರು ಹುಡುಕುವುದಕ್ಕಿಂತ 'ಎಫ್‌ಲಾಕ್' ವಾಸಿ ಎನ್ನುತ್ತೇವೆ ನಾವು. ಬ್ಯಾಕಪ್ ಒಂದು ಕಡತಕ್ಕೆ ಬೀಗ ಹಾಕಿಕೊಂಡು ಓಡುತ್ತದೆ, ಅರ್ಧದಲ್ಲೇ ಸತ್ತರೂ ಕರ್ನಲ್ ಆ ಬೀಗ ಬಿಡಿಸುತ್ತದೆ. 'ಎನ್' ಆಯ್ಕೆ ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಎರಡನೆಯ ಸ್ಕ್ರಿಪ್ಟ್ ಹಿಂದಿರುಗದೆ ಬೀಗಕ್ಕಾಗಿ ಕಾಯುತ್ತಾ ಕೂರುತ್ತದೆ.