ದಂಡಿನ ಚೆಂಡು, ಕೇರಿಯ ಬಯಲು

ಜೀವನ್ ಬಿಮಾ ನಗರದಿಂದ ಇಂದಿರಾನಗರ ದಾಟಿ ಹಲಸೂರಿನ ಕಡೆಗೆ ಹೋದರೆ ಗೌತಮಪುರ ಸಿಗುತ್ತದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜತೆ ಇಲ್ಲಿ ಪೆಲೆಗೂ ಒಂದು ಪ್ರತಿಮೆಯುಂಟು. ಜನ ಈ ಬಡಾವಣೆಯನ್ನು ‘ಮಿನಿ ಬ್ರೆಜಿಲ್’ ಎಂದೇ ಕರೆಯುತ್ತಾರೆ.

ಬೆಂಗಳೂರಿಗೆ ಫುಟ್‌ಬಾಲ್ ತಂದವರು ದಂಡಿನ ಬ್ರಿಟಿಷ್ ಸೈನಿಕರು. ಒಂದು ಚೆಂಡು, ಒಂದಿಷ್ಟು ಬಯಲು ಇದ್ದರೆ ಸಾಕಾಗುವ ಈ ಆಟ ಸುತ್ತಲಿನ ಕಾರ್ಮಿಕರ ಕೇರಿಗಳಿಗೆ ಬೇಗ ಒಗ್ಗಿತು. ಬೂಟಿಲ್ಲದಿದ್ದರೂ ನಡೆಯುತ್ತಿತ್ತು. ಮುಂಬಯಿಯ ರೋವರ್ಸ್ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿದ್ದ ಕಾಲದಲ್ಲಿ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಅದನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲೇ ಆಡಿದರು. ಭಾರತ 1–2ರಿಂದ ಸೋತರೂ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದು ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು. ಚೆಂಡಿನ ಮೇಲಿನ ಹಿಡಿತಕ್ಕಾಗಿ ‘ಹಾವಾಡಿಗ’ನೆಂದು ಹೆಸರಾದ ಅಹ್ಮದ್ ಖಾನ್ ಕೂಡ ಈ ಊರಿನವರೇ.

1968–69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕಕ್ಕೆ ಅದು ಮತ್ತೆ ದಕ್ಕಿದ್ದು 2023ರಲ್ಲಿ. ನಡುವಿನ 54 ವರ್ಷಗಳಲ್ಲಿ ಆಟವನ್ನು ಉಳಿಸಿದ್ದು ದೊಡ್ಡ ಕ್ರೀಡಾಂಗಣಗಳಿಗಿಂತ ಇಂಥ ಮಣ್ಣಿನ ಬಯಲುಗಳು. ನಿವೇಶನಕ್ಕೆ ಚಿನ್ನದ ಬೆಲೆಯಿರುವ ನಗರದಲ್ಲಿ ಖಾಲಿ ಬಯಲು ವ್ಯರ್ಥವೆಂದೇ ಕಾಣಬಹುದು. ಆದರೆ ಅದನ್ನು ಕಳೆದುಕೊಂಡ ಕೇರಿಗೆ ಪೆಲೆಯ ಪ್ರತಿಮೆ ಮಾತ್ರ ಉಳಿಯುತ್ತದೆ, ಆಟಗಾರ ಉಳಿಯುವುದಿಲ್ಲ.